ಆಗಸ್ಟಿನ ಸಂತ, ಜನವರಿಯ ಜಾತ್ರೆ



ಕ್ಯಾಥೊಲಿಕರ ಸಂತಭಕ್ತಿ ಮತ್ತು ಅವರ ವರ್ಷದ ಹಬ್ಬಗಳು, ಇದು ನನಗೆ ಒಪ್ಪಿಸಿರುವ ವಿಷಯ. ಇಷ್ಟು ದೊಡ್ಡ ಗಂಟನ್ನು ಒಂದು ಸಂಜೆಯಲ್ಲಿ ಬಿಚ್ಚಿ ಕಟ್ಟುವುದು ಆಗದ ಮಾತು. ಹಾಗಾಗಿ ಒಂದು ತೊಡಕನ್ನು ಹಿಡಿದು ಹೊರಡುತ್ತೇನೆ. ಸಂತ ಲಾರೆನ್ಸರು ಪ್ರಾಣ ಕೊಟ್ಟದ್ದು ಕ್ರಿ.ಶ. 258ರ ಆಗಸ್ಟ್ 10ರಂದು, ರೋಮಿನಲ್ಲಿ. ರೋಮಿನ ಪಂಚಾಂಗದಲ್ಲಿ ಅವರ ಹಬ್ಬ ಇವತ್ತಿಗೂ ಆಗಸ್ಟ್ 10. ಕಾರ್ಕಳದ ಅತ್ತೂರಿನಲ್ಲಿ ಮಾತ್ರ ಅವರ ಜಾತ್ರೆ ಕೂಡುವುದು ಜನವರಿಯ ಕೊನೆಯ ವಾರ. ಯಾಕೆ ಹೀಗೆ ಎಂದು ಕರಾವಳಿಯವರನ್ನು ಕೇಳಿ, ಒಂದೇ ಮಾತಿನ ಉತ್ತರ ಬರುತ್ತದೆ: ಮಳೆ. ಉತ್ತರ ಸರಿಯೇ. ಆದರೆ ದಿನ, ಬಣ್ಣ, ಪಾಠ, ಪ್ರಾರ್ಥನೆ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಟ್ಟುಕೊಂಡ ಒಂದು ಧರ್ಮಸಭೆ ಕಾರ್ಕಳದ ಮಳೆಗೆ ಜಾಗ ಬಿಟ್ಟುಕೊಟ್ಟದ್ದು ಹೇಗೆ? ಕ್ಯಾಥೊಲಿಕ್ ವರ್ಷವನ್ನು ರೋಮಿನಲ್ಲಿ ಬರೆದರು ಎನ್ನುವುದು ಅರ್ಧ ನಿಜ. ಬರೆದದ್ದನ್ನು ನೆಲ ತಿದ್ದುತ್ತಲೇ ಬಂದಿದೆ, ತಿದ್ದಲು ಅಂಚಿನಲ್ಲಿ ಜಾಗ ಬಿಟ್ಟವರು ಬರೆದವರೇ. ಇವತ್ತು ನಾನು ಹೇಳಬೇಕೆಂದಿರುವುದು ಇಷ್ಟನ್ನೇ.

ಮೊದಲು ಪುಸ್ತಕದ ಕಡೆ ನೋಡೋಣ. ಯುಗಾದಿಯನ್ನು ಚಂದ್ರನ ಲೆಕ್ಕದಲ್ಲಿ, ಸಂಕ್ರಾಂತಿಯನ್ನು ಸೂರ್ಯನ ಲೆಕ್ಕದಲ್ಲಿ ಆಚರಿಸುವ ನಮಗೆ ಈ ವ್ಯವಸ್ಥೆ ಅಪರಿಚಿತವಲ್ಲ. ಪಾಸ್ಖ ಹಬ್ಬಕ್ಕೆ, ಅಂದರೆ ಈಸ್ಟರಿಗೆ, ಹುಣ್ಣಿಮೆ ಬೇಕು. ಮಾರ್ಚ್ 21ರಂದು ಅಥವಾ ಅದರ ನಂತರ ಬೀಳುವ ಮೊದಲ ಹುಣ್ಣಿಮೆ ಕಳೆದು ಬರುವ ಭಾನುವಾರವೇ ಪಾಸ್ಖ. ಇಲ್ಲಿ ಹುಣ್ಣಿಮೆ ಎಂದರೆ ಆಕಾಶದ್ದಲ್ಲ, ಚರ್ಚಿನ ಕೋಷ್ಟಕದ್ದು. ಹಾಗಾಗಿ ಪಾಸ್ಖ ಮಾರ್ಚ್ 22ರಿಂದ ಏಪ್ರಿಲ್ 25ರವರೆಗೆ ಎಲ್ಲಿ ಬೇಕಾದರೂ ಬರಬಹುದು. ಬೂದಿ ಬುಧವಾರ ಅದಕ್ಕೆ 46 ದಿನ ಹಿಂದೆ. ಪವಿತ್ರಾತ್ಮರ ಹಬ್ಬವಾದ ಪೆಂತೆಕೋಸ್ತ್ ಪಾಸ್ಖದಿಂದ ಎಣಿಸಿದರೆ 50ನೆಯ ದಿನ. ತಪಸ್ಸುಕಾಲದ ನೇರಳೆ, ಪಾಸ್ಖಕಾಲದ ಬಿಳಿ, ರಕ್ತಸಾಕ್ಷಿಗಳ ಕೆಂಪು, ಸಾಧಾರಣ ಕಾಲದ ಹಸಿರು ಎಂದು ಗುರುಗಳು ಉಡುವ ವಸ್ತ್ರದ ಬಣ್ಣದಲ್ಲೇ ವರ್ಷ ಎಲ್ಲಿಗೆ ಬಂತೆಂದು ತಿಳಿಯುತ್ತದೆ. ಹೋದ ವರ್ಷದ ಗರಿಗಳ ಭಾನುವಾರದಲ್ಲಿ ಹಂಚಿದ ಗರಿಯನ್ನು ಸುಟ್ಟೇ ಈ ವರ್ಷದ ಬೂದಿ ಮಾಡುತ್ತಾರೆ.

ಇದು ಚಂದ್ರನ ಚಕ್ರ. ಸಂತರ ಹಬ್ಬಗಳು ಸೂರ್ಯನ ಚಕ್ರದಲ್ಲಿ, ಅಂದರೆ ನಿಗದಿತ ತಾರೀಖುಗಳಲ್ಲಿ ಕೂತಿವೆ. ಎರಡೂ ಚಕ್ರ ಒಟ್ಟಿಗೆ ತಿರುಗುವಾಗ ಡಿಕ್ಕಿ ತಪ್ಪದು. ಮಾರ್ಚ್ 25 ಮರಿಯಮ್ಮನವರಿಗೆ ದೇವದೂತ ಶುಭಸಂದೇಶ ತಂದ ಮಹೋತ್ಸವ. ಡಿಸೆಂಬರ್ 25ರಿಂದ ಒಂಬತ್ತು ತಿಂಗಳು ಹಿಂದಕ್ಕೆ ಎಣಿಸಿ, ಲೆಕ್ಕ ಕೂಡುತ್ತದೆ. 2016ರಲ್ಲಿ ಆ ದಿನವೇ ಶುಭ ಶುಕ್ರವಾರ ಬಂತು. ತಾಯಿಯ ಗರ್ಭಕ್ಕೆ ಬಂದ ದಿನ ಮತ್ತು ಶಿಲುಬೆಗೇರಿದ ದಿನ ಎರಡೂ ಒಂದೇ ತಾರೀಖಿನಲ್ಲಿ ಎದುರಾದವು. ಪುಸ್ತಕ ಮುಲಾಜಿಲ್ಲದೆ ಮಹೋತ್ಸವವನ್ನು ಏಪ್ರಿಲ್ 4ಕ್ಕೆ ತಳ್ಳಿತು. 2024ರಲ್ಲಿ ಅದೇ ತಾರೀಖು ಪವಿತ್ರ ವಾರದ ಸೋಮವಾರ ಬಿದ್ದದ್ದರಿಂದ ಮಹೋತ್ಸವ ಏಪ್ರಿಲ್ 8ಕ್ಕೆ ಹೋಯಿತು. ಹಬ್ಬವನ್ನು ಮುಂದೂಡುವುದು ಹಳ್ಳಿಯವರ ಸಡಿಲ ನಡವಳಿಕೆಯೇನಲ್ಲ, ರೋಮಿನದೇ ರೂಢಿ ಎಂಬುದನ್ನು ಇಲ್ಲೇ ನೆನಪಿಟ್ಟುಕೊಳ್ಳೋಣ. ತಾರೀಖಿನ ವಿಷಯದಲ್ಲಿ ರೋಮ್ ಇದಕ್ಕಿಂತ ದೊಡ್ಡ ಧೈರ್ಯವನ್ನೂ ಮಾಡಿದೆ. 1582ರಲ್ಲಿ ಪೋಪ್ ಹದಿಮೂರನೆಯ ಗ್ರೆಗೊರಿ ಅಕ್ಟೋಬರ್ 4ರ ಮರುದಿನವನ್ನು ಅಕ್ಟೋಬರ್ 15 ಎಂದು ಸಾರಿದರು, ಹತ್ತು ದಿನ ಮಾಯವಾದವು. ಆವಿಲಾದ ಸಂತ ತೆರೆಸಾ ಸ್ಪೇನಿನಲ್ಲಿ ಕಣ್ಣು ಮುಚ್ಚಿದ್ದು ಸರಿಯಾಗಿ ಆ ರಾತ್ರಿ. ಅವರ ಹಬ್ಬ ಅಕ್ಟೋಬರ್ 15.

ಸತ್ತ ದಿನವೇ ಹಬ್ಬವಾಗುವುದು ಯಾಕೆಂದು ಹೊರಗಿನವರು ಕೇಳುತ್ತಾರೆ. ಜಯಂತಿಗಳ ನಾಡಿನಲ್ಲಿ ಅದು ಸಹಜವಾದ ಪ್ರಶ್ನೆ. ಎರಡನೆಯ ಶತಮಾನದ ನಡುವಿನಲ್ಲಿ, ಈಗಿನ ಟರ್ಕಿಯ ಸ್ಮಿರ್ನಾ ನಗರದ ಮುದಿ ಧರ್ಮಾಧ್ಯಕ್ಷ ಪಾಲಿಕಾರ್ಪರನ್ನು ಚಿತೆಗೇರಿಸಿ ಕೊಂದರು. ಅಲ್ಲಿನ ಭಕ್ತರು ಅವರ ಎಲುಬುಗಳನ್ನು ಆಯ್ದು ಒಂದು ಕಡೆ ಇಟ್ಟರು. ಪ್ರತಿ ವರ್ಷ ಅವರ ರಕ್ತಸಾಕ್ಷಿಯ ದಿನ ಅಲ್ಲಿ ಸಂತೋಷದಿಂದ ಕೂಡುತ್ತೇವೆಂದು ನೆರೆಯ ಸಭೆಗೆ ಪತ್ರ ಬರೆದರು. ಸಂತರ ಹಬ್ಬದ ಬೇರು ಅಲ್ಲಿದೆ: ಒಂದು ಸಮಾಧಿ, ಒಂದು ತಾರೀಖು, ಸೇರುವ ಜನ. ಭೂಮಿಯಲ್ಲಿ ಸತ್ತ ದಿನ ಸ್ವರ್ಗದಲ್ಲಿ ಹುಟ್ಟಿದ ದಿನ ಎಂಬ ನಂಬಿಕೆ ಅದಕ್ಕೆ ಆಧಾರ. ಮಂತ್ರಾಲಯದಲ್ಲಿ ರಾಘವೇಂದ್ರ ಸ್ವಾಮಿಗಳು ಬೃಂದಾವನ ಪ್ರವೇಶ ಮಾಡಿದ ತಿಥಿಗೆ ಸೇರುವ ಜನಕ್ಕೂ, ಕಲಬುರಗಿಯಲ್ಲಿ ಬಂದೇ ನವಾಜರ ಉರುಸಿಗೆ ಹೋಗುವ ಜನಕ್ಕೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭೂಮಿಯ ಮೇಲಿನ ಹುಟ್ಟನ್ನೇ ರೋಮಿನ ಪಂಚಾಂಗ ಹಬ್ಬ ಮಾಡುವುದು ಮೂವರಿಗೆ ಮಾತ್ರ: ಡಿಸೆಂಬರ್ 25ರಂದು ಯೇಸುವಿಗೆ, ಜೂನ್ 24ರಂದು ಸ್ನಾನಿಕ ಯೊವಾನ್ನರಿಗೆ, ಸೆಪ್ಟೆಂಬರ್ 8ರಂದು ಮರಿಯಮ್ಮನವರಿಗೆ. ಮೊದಲೆರಡು ದಿನಗಳು ಹಗಲು ಹಿಗ್ಗುವ ಮತ್ತು ಕುಗ್ಗುವ ತಿರುವುಗಳ ಪಕ್ಕದಲ್ಲಿವೆ.

ಸಂತರ ವಿಷಯದಲ್ಲಿ ಸಿದ್ಧಾಂತ ಹೇಳುವುದನ್ನು ಎರಡು ಮಾತಿನಲ್ಲಿ ಮುಗಿಸುತ್ತೇನೆ, ಯಾಕೆಂದರೆ ಅದರ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಆರಾಧನೆ ದೇವರೊಬ್ಬರಿಗೇ. ಸಂತರಿಗೆ ಸಲ್ಲುವುದು ಗೌರವ, ಅವರಲ್ಲಿ ಕೇಳುವುದು ದೇವರ ಬಳಿ ಒಂದು ಮಾತು ಹೇಳಿ ಎಂಬ ಶಿಫಾರಸು. 787ರಲ್ಲಿ ನೈಸಿಯಾದ ಎರಡನೆಯ ಮಹಾಸಭೆ ಪ್ರತಿಮೆಗಳ ಜಗಳದ ನಡುವೆ ಈ ಗೆರೆ ಎಳೆಯಿತು. ಮೇಣದ ಬತ್ತಿ ಹಿಡಿದು ಸರದಿಯಲ್ಲಿ ನಿಂತ ಅಜ್ಜಿಗೆ ಆ ಗೆರೆ ಎಷ್ಟು ದಪ್ಪಗೆ ಕಾಣುತ್ತದೆ ಎಂಬುದು ಬೇರೆ ಮಾತು. ಆದರೆ ಅಜ್ಜಿಗೆ ಏನೂ ಗೊತ್ತಿಲ್ಲ ಎಂದುಕೊಳ್ಳುವ ಪಂಡಿತರ ಜತೆ ನಾನಿಲ್ಲ. ಯಾರಲ್ಲಿ ಏನು ಕೇಳಬೇಕೆಂಬ ವಿವೇಕ ಸರದಿಯಲ್ಲಿ ನಿಂತವರಿಗೆ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ.

ಈಗ ಅತ್ತೂರಿಗೆ ಬರೋಣ. ಲಾರೆನ್ಸರು ರೋಮಿನ ಸಭೆಯಲ್ಲಿ ಉಪಯಾಜಕರಾಗಿದ್ದವರು, ಬಡವರಿಗೆ ಹಂಚುವ ಹಣ ಅವರ ಕೈಯಲ್ಲಿತ್ತು. ಸಭೆಯ ನಿಧಿಯನ್ನು ಒಪ್ಪಿಸು ಎಂದು ಅಧಿಕಾರಿ ಗದರಿದಾಗ ಅವರು ಊರಿನ ಬಡವರನ್ನೂ ಕುಂಟರನ್ನೂ ಕುರುಡರನ್ನೂ ಕರೆತಂದು ನಿಲ್ಲಿಸಿದರು, ಅದಕ್ಕೆ ಅವರನ್ನು ಕಬ್ಬಿಣದ ಸರಳುಗಳ ಮೇಲೆ ಸುಟ್ಟರು ಎಂಬುದು ಪರಂಪರೆಯ ಕಥೆ. ಅತ್ತೂರಿನಲ್ಲಿ ಅವರ ಹೆಸರಿನ ಚರ್ಚು ಮೊದಲು ಎದ್ದದ್ದು 1759ರಲ್ಲಿ. ಆಮೇಲೆ ಟಿಪ್ಪುವಿನ ಕಾಲದ ಸೆರೆ. 1784ರಲ್ಲಿ ಕೆನರಾದ ಕ್ರೈಸ್ತರನ್ನು ಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದ ದಿನವನ್ನು ಆ ಸಮುದಾಯದ ನೆನಪು ಬೂದಿ ಬುಧವಾರ ಎಂದೇ ಹೇಳುತ್ತದೆ. ಇತಿಹಾಸಕಾರರಿಗೆ ತಾರೀಖು ಬೇಕು, ಸಮುದಾಯ ತನ್ನ ದುಃಖವನ್ನು ಆರಾಧನಾ ವರ್ಷದ ಒಳಗೆ ಇಟ್ಟುಕೊಂಡಿತು. 1799ರಲ್ಲಿ ಬದುಕುಳಿದವರು ಮರಳಿದಾಗ ಹೆಚ್ಚಿನ ಚರ್ಚುಗಳು ಉಳಿದಿರಲಿಲ್ಲ. ಮುಂದೆ ಒಬ್ಬ ಗುರುಗಳು ಮರದ ಚಿಕ್ಕ ಪ್ರತಿಮೆಯೊಂದನ್ನು ಹಿಡಿದು ಚರ್ಚಿಗೆ ಜಾಗ ಹುಡುಕುತ್ತ ಪರ್ಪಲೆ ಗುಡ್ಡದ ಬುಡದಲ್ಲಿ ದಣಿವಾರಿಸಿಕೊಂಡರಂತೆ. ಎದ್ದು ಹೊರಟಾಗ ಕೆಳಗಿಟ್ಟ ಪ್ರತಿಮೆ ಮೇಲೇಳಲಿಲ್ಲವಂತೆ. ಇಲ್ಲೇ ಚರ್ಚು ಕಟ್ಟುತ್ತೇನೆ ಎಂದು ಮಾತು ಕೊಟ್ಟ ಮೇಲೆ ಅದು ಸಡಿಲವಾಯಿತು ಎಂಬುದು ಸ್ಥಳದ ಐತಿಹ್ಯ. ಸಂತರು ತಾವೇ ಜಾಗ ಆರಿಸಿಕೊಂಡರು ಎಂದಮೇಲೆ ತಾರೀಖನ್ನು ಜನ ಆರಿಸಿಕೊಂಡದ್ದು ದೊಡ್ಡ ಮಾತಲ್ಲ.

ಆರಿಸಿಕೊಂಡ ತಾರೀಖನ್ನು ಪಂಚಾಂಗದ ಮುಂದೆ ಹಿಡಿದು ನೋಡಿದರೆ ಸ್ವಾರಸ್ಯವಿದೆ. ಕ್ರಿಸ್ಮಸ್ ಕಾಲ ಯೇಸುವಿನ ಸ್ನಾನದೀಕ್ಷೆಯ ಹಬ್ಬಕ್ಕೆ ಮುಗಿಯುತ್ತದೆ. ಅದು ಎಷ್ಟು ತಡವಾದರೂ ಜನವರಿ 13ನ್ನು ದಾಟದು. ಬೂದಿ ಬುಧವಾರ ಎಷ್ಟು ಬೇಗ ಬಂದರೂ ಫೆಬ್ರವರಿ 4ಕ್ಕಿಂತ ಹಿಂದೆ ಬಾರದು. ಅಂದರೆ ಜನವರಿ ನಡುವಿನಿಂದ ಫೆಬ್ರವರಿ 3ರವರೆಗಿನ ಮೂರು ವಾರ ಯಾವ ವರ್ಷವೂ, ಪಾಸ್ಖ ಎಲ್ಲೇ ಬೀಳಲಿ, ಸಾಧಾರಣ ಕಾಲವೇ. ತಪಸ್ಸಿನ ನೇರಳೆ ಅಲ್ಲಿಗೆ ಕಾಲಿಡದು. ಭಕ್ತರ ಅನುಕೂಲಕ್ಕಾಗಿ ಸಂತರ ಹಬ್ಬವನ್ನು ಇನ್ನೊಂದು ದಿನ ಆಚರಿಸಲು ಪುಸ್ತಕದ ನಿಯಮ ಅವಕಾಶ ಕೊಡುವುದೂ ಸಾಧಾರಣ ಕಾಲದಲ್ಲೇ. ಅದೇ ಹೊತ್ತಿಗೆ ಕರಾವಳಿಯಲ್ಲಿ ಏಣೆಲು, ಅಂದರೆ ಮಳೆಗಾಲದ ಭತ್ತದ ಬೆಳೆ, ಮನೆ ಸೇರಿರುತ್ತದೆ, ಗದ್ದೆ ಒಣಗಿರುತ್ತದೆ, ಕೋಲ, ಕಂಬಳ, ಯಕ್ಷಗಾನದ ಮೇಳಗಳ ತಿರುಗಾಟ ನಡೆದಿರುತ್ತದೆ, ಊರೇ ರಾತ್ರಿ ಹೊರಗಿರುವ ಕಾಲ. ಮಳೆಯ ಲೆಕ್ಕವೂ ರೋಮಿನ ಲೆಕ್ಕವೂ ಒಂದೇ ಕಿಟಕಿಯನ್ನು ತೋರಿಸಿದವು. ಐದು ದಿನ ನಡೆಯುವ ಅತ್ತೂರಿನ ಜಾತ್ರೆಯಾದ ಸಾಂತ್‌ಮಾರಿಗೆ ಹಿಂದೂಗಳು, ಮುಸ್ಲಿಮರು, ಜೈನರು ಎಲ್ಲರೂ ಮೇಣದ ಬತ್ತಿಯ ಹರಕೆ ಹೊತ್ತು ಬರುತ್ತಾರೆ. ಕೊಂಕಣಿಯ ಜತೆಗೆ ಕನ್ನಡದಲ್ಲೂ ಬಲಿಪೂಜೆಗಳಿರುತ್ತವೆ. 2016ರಲ್ಲಿ ರೋಮ್ ಈ ಚರ್ಚನ್ನು ಕಿರಿಯ ಬಸಿಲಿಕಾ ಎಂದು ಘೋಷಿಸಿತು.

ಮಳೆಯ ವಾದಕ್ಕೆ ಎದುರು ಸಾಕ್ಷಿಯೂ ಇದೆ, ಅದು ಘಟ್ಟದ ಮೇಲೆ. ಕೃಷ್ಣರಾಜನಗರದ ಹತ್ತಿರದ ದೋರನಹಳ್ಳಿಯಲ್ಲಿ ಸಂತ ಅಂತೋಣಿಯವರ ಹಬ್ಬ ಪುಸ್ತಕ ಹೇಳಿದ ದಿನವೇ, ಜೂನ್ 13ರಂದೇ ನಡೆಯುತ್ತದೆ. ಅಂತೋಣಿಯವರು 1231ರ ಜೂನ್ 13ರಂದು ಪಾದುವಾದ ಬಳಿ ತೀರಿಕೊಂಡವರು, ಒಂದು ವರ್ಷ ತುಂಬುವ ಮೊದಲೇ ಸಂತಪದವಿಗೇರಿದವರು. ದೋರನಹಳ್ಳಿಯ ಐತಿಹ್ಯದಲ್ಲಿ ರೈತನೊಬ್ಬ ಹೊಲ ಉಳುವಾಗ ನೇಗಿಲಿಗೆ ಪ್ರತಿಮೆ ಸಿಕ್ಕಿತು. ಮೈಸೂರು ಸೀಮೆಯ ಜೂನ್ ಹದವಾದ ಮಳೆಯ ತಿಂಗಳು, ಜನ ದಾರಿ ಹಿಡಿದು ಬರಬಹುದು. ಅತ್ತೂರಿನ ಆಗಸ್ಟಿನಲ್ಲಿ ತೇರು ಹೊರಗಿಡುವಂತಿಲ್ಲ. ದೋರನಹಳ್ಳಿಯಲ್ಲಿ ನೆಲಕ್ಕೆ ಪುಸ್ತಕವನ್ನು ತಿದ್ದುವ ಅಗತ್ಯ ಬೀಳಲಿಲ್ಲ, ಅಷ್ಟೆ.

ಇವೆಲ್ಲ ನಮ್ಮ ಜಾತ್ರೆಗೆ ಶಿಲುಬೆ ಹಚ್ಚಿದ್ದು ಎಂದು ಹೇಳುವ ಒಂದು ಸುಲಭದ ವಿವರಣೆ ಚಾಲ್ತಿಯಲ್ಲಿದೆ. ಅದನ್ನು ನಾನು ಒಪ್ಪುವುದಿಲ್ಲ. ತೇರು, ಮೆರವಣಿಗೆ, ಬ್ಯಾಂಡು, ಹರಕೆಗೆ ಒಪ್ಪಿಸುವ ಬೆಳ್ಳಿಯ ಕೈಕಾಲು, ಸಂತೆಯ ಮಿಠಾಯಿ ಎಲ್ಲವೂ ನೇಪಲ್ಸಿನಲ್ಲೂ ಸಿಸಿಲಿಯಲ್ಲೂ ಇವೆ. ಅಲ್ಲಿಗೆ ಅವು ಕಾರ್ಕಳದಿಂದ ಹೋದವಲ್ಲ. ಎರಡು ಹಳೆಯ ಬೇಸಾಯದ ನಾಡುಗಳು ಪರಸ್ಪರರ ಭಕ್ತಿಯಲ್ಲಿ ಪರಿಚಯದ ಮುಖ ಕಂಡವು. ಯಾರು ಯಾರಿಂದ ತೆಗೆದುಕೊಂಡರು ಎಂಬ ಜಗಳಕ್ಕಿಂತ, ಬಂದವರು ಯಾವ ಬಾಗಿಲು ತೆರೆದಿರುವುದನ್ನು ಕಂಡರು ಎಂದು ಕೇಳುವುದು ಹೆಚ್ಚು ಫಲ ಕೊಡುತ್ತದೆ.

ಸೆಪ್ಟೆಂಬರ್ 8 ಅಂಥ ತೆರೆದ ಬಾಗಿಲು. ಮರಿಯಮ್ಮನವರ ಜನ್ಮದಿನದ ಈ ಹಬ್ಬ ಜೆರುಸಲೇಮಿನ ಕಡೆಯದು. ಏಳನೆಯ ಶತಮಾನದ ಕೊನೆಯ ಹೊತ್ತಿಗೆ ಪೋಪ್ ಮೊದಲನೆಯ ಸೆರ್ಜಿಯಸ್ ರೋಮಿನಲ್ಲಿ ಆ ದಿನಕ್ಕೆ ಮೆರವಣಿಗೆ ಗೊತ್ತುಮಾಡಿದ್ದರು. ಭತ್ತಕ್ಕೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಕರಾವಳಿಯಲ್ಲಿ ಏಣೆಲಿನ ತೆನೆ ಬಲಿಯುವುದು ಸರಿಯಾಗಿ ಆ ಹೊತ್ತಿಗೆ. ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ, ಮೋಂತೆ ಮಾರಿಯಾನೊ ಚರ್ಚಿನಲ್ಲಿ, 1763ರಲ್ಲಿ ಗೋವೆಯ ಗುರು ಜೋಕಿಂ ಮಿರಾಂದ ಇದನ್ನು ಶುರುಮಾಡಿದರೆಂದು ಹೇಳುತ್ತಾರೆ. ಮೋಂತಿ ಫೆಸ್ತ್ ಎಂಬ ಹೆಸರು ಆ ಚರ್ಚಿನದೇ. ಕನ್ನಡ ಪತ್ರಿಕೆಗಳು ಅದನ್ನು ತೆನೆ ಹಬ್ಬ ಎಂದು ಬರೆಯುತ್ತವೆ. ಆಗಸ್ಟ್ 30ರಿಂದ ಒಂಬತ್ತು ದಿನ ನವೇನ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಬಾಲ ಮರಿಯಮ್ಮನ ಪ್ರತಿಮೆಗೆ ಎರಚುತ್ತಾರೆ, ಹಿತ್ತಿಲ ಹೂವೂ ಬೇಲಿಯ ಹೂವೂ ನಡೆಯುತ್ತದೆ. ಒಂಬತ್ತು ದಿನ ತಪ್ಪದೆ ಬಂದ ಮಕ್ಕಳ ಕಣ್ಣು ಕೊನೆಯ ದಿನ ಸಿಗುವ ಕಬ್ಬಿನ ಮೇಲೆ. ಹಬ್ಬದ ದಿನ ಗುರುಗಳು ಹೊಸ ತೆನೆಯನ್ನು ಆಶೀರ್ವದಿಸುತ್ತಾರೆ, ಮನೆಮನೆಗೂ ತೆನೆ ಹೋಗುತ್ತದೆ. ಮನೆಯ ಹಿರಿಯರು ಕಾಳು ಸುಲಿದು ಪುಡಿಮಾಡಿ ಹಾಲಿಗೋ ಪಾಯಸಕ್ಕೋ ಬೆರೆಸಿ, ಪ್ರಾರ್ಥನೆ ಮಾಡಿ ಎಲ್ಲರಿಗೂ ಕೊಡುತ್ತಾರೆ. ಮೀನು ಮಾಂಸವಿಲ್ಲದೆ ಹಬ್ಬವೇ ಇಲ್ಲ ಎನ್ನುವ ಮನೆಗಳಲ್ಲೂ ಆ ದಿನ ಬಾಳೆಲೆ ಹಾಕಿ ತರಕಾರಿ ಊಟ. ಗದ್ದೆ ಮಾರಿ ಫ್ಲ್ಯಾಟಿಗೆ ಹೋದವರೂ ಹಬ್ಬ ಬಿಟ್ಟಿಲ್ಲ. ಕೊಲ್ಲಿ ದೇಶಗಳಲ್ಲಿರುವ ಮಕ್ಕಳಿಗೆ ತಾಯಂದಿರು ಆಶೀರ್ವದಿಸಿದ ಕಾಳನ್ನು ಲಕೋಟೆಯಲ್ಲಿಟ್ಟು ಕಳಿಸುತ್ತಾರೆ.

ಅದೇ ದಿನ ಬೆಂಗಳೂರಿನ ಶಿವಾಜಿನಗರದಲ್ಲಿ ಭತ್ತದ ಸುಳಿವಿಲ್ಲ. 1882ರಲ್ಲಿ ಪೂರ್ಣಗೊಂಡು, 1973ರಲ್ಲಿ ಬಸಿಲಿಕಾ ಆದ ಸಂತ ಮರಿಯಮ್ಮನವರ ಚರ್ಚಿನಲ್ಲಿ ಆಗಸ್ಟ್ 29ಕ್ಕೆ ಧ್ವಜ ಏರುತ್ತದೆ, ಬಸ್ ನಿಲ್ದಾಣದ ಪಕ್ಕದ ಬೀದಿ ಕಾವಿ ಬಣ್ಣದ ಸೀರೆಗಳಿಂದ ತುಂಬುತ್ತದೆ. ಹರಕೆ ಹೊತ್ತವರ ಉಡುಗೆ ಅದು, ತಮಿಳುನಾಡಿನ ಯಾತ್ರಾಸ್ಥಳ ವೇಳಾಂಕಣ್ಣಿಯ ದಾರಿಯಲ್ಲಿ ಕಾಣುವ ಉಡುಗೆಯೂ ಹೌದು. ಬೇಡಿಕೆ ಇಲ್ಲಿ ಬೆಳೆಯದಲ್ಲ, ಆರೋಗ್ಯದ್ದು. ಒಂದೇ ತಾರೀಖು, ಒಂದೇ ತಾಯಿ, ಒಂದೇ ಪಾಠಗಳು. ಕರಾವಳಿಯಲ್ಲಿ ಕೈಯಲ್ಲಿ ತೆನೆ, ಶಿವಾಜಿನಗರದಲ್ಲಿ ಮೇಣದ ಬತ್ತಿ. ಇದನ್ನು ನೋಡಿದ ಮೇಲೆಯೂ ಪಂಚಾಂಗ ಒಂದೇ ಎನ್ನುವವರಿಗೆ ನಾನು ಹೌದು ಎನ್ನುತ್ತೇನೆ, ಆದರೆ ಹಬ್ಬ ಎರಡು.

ಕೊನೆಯದಾಗಿ ಪುಸ್ತಕ ಕೈಬಿಟ್ಟ ಸಂತರ ಮಾತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಆರಾಧನಾ ವಿಧಿಯ ಸುಧಾರಣೆಗೆ ಒಪ್ಪಿಗೆ ಕೊಟ್ಟಾಗ, ಸಂತರ ಹಬ್ಬಗಳು ಕ್ರಿಸ್ತನ ರಹಸ್ಯಗಳ ಹಬ್ಬಗಳನ್ನು ಮುಚ್ಚಿಹಾಕಬಾರದು ಎಂದಿತು. ಅದರಂತೆ ಪೋಪ್ ಆರನೆಯ ಪೌಲ್ 1969ರ ಫೆಬ್ರವರಿ 14ರಂದು ಹೊಸ ಪಂಚಾಂಗಕ್ಕೆ ಅನುಮೋದನೆ ಕೊಟ್ಟರು. ಚರಿತ್ರೆಯ ಆಧಾರ ತೆಳುವಾಗಿದ್ದ ಹಲವು ಹೆಸರುಗಳು ಸಾರ್ವತ್ರಿಕ ಪಟ್ಟಿಯಿಂದ ಇಳಿದವು. ಪ್ರಯಾಣಿಕರ ಪಾಲಕ ಕ್ರಿಸ್ಟೊಫರ್ ಇಳಿದರು. ವ್ಯಾಲಂಟೈನ್ ಕೂಡ ಇಳಿದರು, ಆಜ್ಞೆಗೆ ಸಹಿ ಬಿದ್ದದ್ದು ಅವರ ದಿನವೇ ಎಂಬುದು ತಮಾಷೆ. ಆ ದಿನ ಈಗ ಸಿರಿಲ್ ಮತ್ತು ಮೆಥೋಡಿಯಸರ ಸ್ಮರಣೆ. ಹೂವಿನ ಅಂಗಡಿಯವರಿಗೆ ಈ ತಿದ್ದುಪಡಿ ತಲುಪಿದಂತಿಲ್ಲ.

ನಮಗೆ ತಾಗಿದ ಹೆಸರು ಇದಕ್ಕೂ ಎಂಟು ವರ್ಷ ಮುಂಚೆ ಇಳಿದಿತ್ತು. 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಮಾಳಿಗೆ ಸಮಾಧಿಗಳಲ್ಲಿ ಒಬ್ಬ ಹುಡುಗಿಯ ಎಲುಬುಗಳು ಸಿಕ್ಕವು. ಗೂಡು ಮುಚ್ಚಿದ್ದ ಮೂರು ಹಂಚುಗಳ ಮೇಲಿನ ಅಕ್ಷರಗಳು ನೇರವಾಗಿ ಓದಿದರೆ ಅರ್ಥವಾಗುತ್ತಿರಲಿಲ್ಲ. ಮೊದಲ ಹಂಚನ್ನು ಕೊನೆಗಿಟ್ಟು ಓದಿದರೆ ಫಿಲೋಮಿನಾ, ನಿನಗೆ ಶಾಂತಿ ಎಂದಾಗುತ್ತಿತ್ತು. 1805ರಲ್ಲಿ ಎಲುಬುಗಳು ನೇಪಲ್ಸಿನ ಬಳಿಯ ಮುನ್ಯಾನೊ ಎಂಬ ಊರಿಗೆ ಹೋದವು, ಪವಾಡಗಳ ಸುದ್ದಿ ಹಬ್ಬಿತು. ಜೀವನಚರಿತ್ರೆ ಎಲ್ಲಿಂದಲೂ ಸಿಗಲಿಲ್ಲ. 1833ರ ಹೊತ್ತಿಗೆ ನೇಪಲ್ಸಿನ ಒಬ್ಬ ಸಿಸ್ಟರ್‌ಗೆ ದರ್ಶನದಲ್ಲಿ ಅದು ಸಿಕ್ಕಿತು. ಧರ್ಮಪ್ರಚಾರಕ್ಕೆ ಹಣ ಕೂಡಿಸುವ ಸಂಘವನ್ನು ಲಿಯಾನಿನಲ್ಲಿ ಕಟ್ಟಿದ ಪೌಲಿನ್ ಜಾರಿಕೋ 1835ರಲ್ಲಿ ಸಾಯುವ ಸ್ಥಿತಿಯಲ್ಲಿ ಮುನ್ಯಾನೊಗೆ ಹೋಗಿ ಗುಣವಾಗಿ ಬಂದರು. 1837ರಲ್ಲಿ ಪೋಪ್ ಹದಿನಾರನೆಯ ಗ್ರೆಗೊರಿ ಸೀಮಿತವಾಗಿ ಹಬ್ಬಕ್ಕೆ ಒಪ್ಪಿಗೆ ಕೊಟ್ಟರು. ಫ್ರಾನ್ಸಿನಲ್ಲಿ ಆರ್ಸ್ ಊರಿನ ಗುರು ಜಾನ್ ವಿಯಾನಿ ತಮ್ಮ ಪವಾಡಗಳನ್ನೆಲ್ಲ ಇವಳ ಲೆಕ್ಕಕ್ಕೆ ಬರೆಯುತ್ತಿದ್ದರು. ಹೀಗೆ ಫ್ರೆಂಚರ ಭಕ್ತಿಯಲ್ಲಿ ಬಲವಾಗಿ ಬೇರೂರಿದವಳು, ಫ್ರೆಂಚ್ ಗುರುಗಳು ನಡೆಸುತ್ತಿದ್ದ ಮೈಸೂರು ಮಿಷನ್ನಿಗೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ.

ಆಶ್ಚರ್ಯವಿರುವುದು ಮುಂದಿನ ಭಾಗದಲ್ಲಿ. 1926ರಲ್ಲಿ ಮಹಾರಾಜರ ಕಾರ್ಯದರ್ಶಿಯಾಗಿದ್ದ ತಂಬೂ ಚೆಟ್ಟಿಯವರು ಪೋಪರ ಪ್ರತಿನಿಧಿ ಪಿಸಾನಿಯವರಿಂದ ಫಿಲೋಮಿನಾಳ ಅವಶೇಷವೊಂದನ್ನು ಪಡೆದು ತಂದರು. 1933ರ ಅಕ್ಟೋಬರ್ 28ರಂದು ನಾಲ್ವಡಿ ಕೃಷ್ಣರಾಜ ಒಡೆಯರು ಹೊಸ ಚರ್ಚಿಗೆ ಅಡಿಗಲ್ಲು ಹಾಕಿದರು. ಜರ್ಮನಿಯ ಕಲೋನ್ ಮಹಾದೇವಾಲಯದ ಮಾದರಿಯಲ್ಲಿ 175 ಅಡಿಯ ಜೋಡಿ ಶಿಖರಗಳು ಎದ್ದವು. ಮೈಸೂರಿನ ಹಿಂದೂ ಅರಸರು ಕೈಹಾಕಿ ಎಬ್ಬಿಸಿದ ಈ ಕಟ್ಟಡ ಎದ್ದು ಮೂರು ದಶಕ ತುಂಬುವ ಮೊದಲೇ, 1961ರ ಫೆಬ್ರವರಿ 14ರ ಸೂಚನೆಯಲ್ಲಿ, ಫಿಲೋಮಿನಾಳ ಹಬ್ಬವನ್ನು ಎಲ್ಲ ಪಂಚಾಂಗಗಳಿಂದ ತೆಗೆಯುವಂತೆ ರೋಮ್ ಹೇಳಿತು. ಆ ಹಂಚುಗಳು ಇನ್ನೊಂದು ಸಮಾಧಿಯಿಂದ ಮರುಬಳಕೆಯಾಗಿ ಬಂದವು, ಅದಕ್ಕೇ ಅವು ಹಿಂದುಮುಂದಾಗಿದ್ದವು ಎಂದು ಪುರಾತತ್ವಜ್ಞ ಮರುಕ್ಕಿ ಬಹಳ ಹಿಂದೆಯೇ ವಾದಿಸಿದ್ದರು. ಹೆಸರಿನ ಆಧಾರವೇ ಅಲುಗಿತ್ತು.

ಆದರೆ ಸೂಚನೆ ಹೇಳಿದ್ದು ಪಂಚಾಂಗದ ಬಗ್ಗೆ. ಅವಳಲ್ಲಿ ಪ್ರಾರ್ಥಿಸಬೇಡಿ ಎನ್ನಲಿಲ್ಲ, ಚರ್ಚಿನ ಹೆಸರು ಕಿತ್ತುಹಾಕಿ ಎನ್ನಲಿಲ್ಲ. ಮೈಸೂರಿನ ಮಹಾದೇವಾಲಯಕ್ಕೆ ಸಂತ ಜೋಸೆಫರ ಹೆಸರೂ ಇದೆ, ಊರಿನ ಆಟೋದವರಿಗೆ ಹೇಳಿ ನೋಡಿ, ಅವರಿಗೆ ಗೊತ್ತಿರುವುದು ಫಿಲೋಮಿನಾ ಚರ್ಚು. ಕಿರಿದಾದ ಮೆಟ್ಟಿಲಿಳಿದು ನೆಲಮನೆಯಲ್ಲಿ ಮಲಗಿದ ಭಂಗಿಯ ಪ್ರತಿಮೆಗೆ ಕೈಮುಗಿಯುವವರ ಸಾಲು ತೆಳುವಾಗಿಲ್ಲ. ಫಿಲೋಮಿನಾಳ ಹಬ್ಬವಾಗಿದ್ದ ಆಗಸ್ಟ್ 11ರಂದು ರೋಮಿನ ಪಟ್ಟಿ ಈಗ ಅಸ್ಸಿಸಿಯ ಕ್ಲಾರಾಳನ್ನು ಸ್ಮರಿಸುತ್ತದೆ. ಹೀಗೆ ಫಿಲೋಮಿನಾಳಿಗೆ ಕೈಮುಗಿಯುವುದು ಅವಿಧೇಯತೆ ಎಂದು ಕೆಲವರು ಹೇಳಿಯಾರು, ಆದರೆ ಪುಸ್ತಕವನ್ನು ನಮ್ಮ ಜನ ಅದನ್ನು ಬರೆದವರಿಗಿಂತ ಎಚ್ಚರದಿಂದ ಓದಿದ್ದಾರೆ ಎಂದು ನನಗೆ ಅನ್ನಿಸುತ್ತದೆ. ಇಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಕೆಲಸ ಸೂಚಿಸಿ ಮುಗಿಸುತ್ತೇನೆ. ಪ್ರತಿ ಧರ್ಮಕೇಂದ್ರದಲ್ಲೂ ಜ್ಞಾನಸ್ನಾನದ ದಾಖಲೆ ಪುಸ್ತಕಗಳಿರುತ್ತವೆ, ಮಗುವಿನ ಹೆಸರು, ತಾರೀಖು, ತಂದೆತಾಯಿ, ಸಾಕ್ಷಿಗಳು ಎಲ್ಲವೂ ಅದರಲ್ಲಿವೆ. ಗುರುಗಳ ಅನುಮತಿ ಪಡೆದು ಮೈಸೂರು ಸೀಮೆಯ ಮತ್ತು ಕರಾವಳಿಯ ಕೆಲವು ಧರ್ಮಕೇಂದ್ರಗಳಲ್ಲಿ 1926ರಿಂದ 1990ರವರೆಗಿನ ಪುಟಗಳನ್ನು ತಿರುವಿ ಹಾಕಿ. ಫಿಲೋಮಿನಾ ಎಂಬ ಹೆಸರಿನ ಹೆಣ್ಣುಮಕ್ಕಳನ್ನು ವರ್ಷಕ್ಕಿಷ್ಟು ಎಂದು ಎಣಿಸಿ, 1961ರ ಹಿಂದಿನದನ್ನೂ ಮುಂದಿನದನ್ನೂ ಪಕ್ಕಪಕ್ಕ ಇಡಿ. ಲಾರೆನ್ಸ್, ಅಂತೋಣಿ ಎಂಬ ಹೆಸರುಗಳನ್ನೂ ಹಾಗೆಯೇ ಎಣಿಸಿದರೆ ಹೋಲಿಕೆಗೆ ಅನುಕೂಲ. ಕೆಲಸಕ್ಕೆ ಹೆಚ್ಚಿನ ಖರ್ಚಿಲ್ಲ, ದೂಳಿಗೆ ಮೂಗು ಕಟ್ಟಿಕೊಳ್ಳಲು ಒಂದು ಕರವಸ್ತ್ರ ಇರಲಿ.